ಬಿಟ್ಟ ಮೀನು ಬದುಕಬೇಕಲ್ಲ!

"ಈ ಶನಿವಾರ ಬ್ಯಾಸ್ ಹಿಡಿಯೋಕೆ ಹೋಗ್ತಿದೀನಿ ಅಪ್ಪಯ್ಯ" ಅಂತ ಫೋನಿನಲ್ಲಿ ಹೇಳಿದೆ. ಅಪ್ಪಯ್ಯನಿಗೆ ಕೇಳಿಸಿದ್ದು 'ಬಾಸ್'.

"ರಜಾ ದಿನಾನೂ ಬಾಸ್ ಹಿಂದೆ ಎಂತಕ್ಕೆ ಓಡ್ತೀಯ ಮಾರಾಯ್ತಿ?"

ಬ್ಯಾಸ್ ಅಂದ್ರೆ ಮೀನು, ಇಲ್ಲಿಯ ಸಿಹಿನೀರಿನ ಮೀನು ಅಂತ ಬಿಡಿಸಿ ಹೇಳಿದೆ. ಅಪ್ಪಯ್ಯನ ದನಿ ಕೂಡಲೇ ಚುರುಕಾಯಿತು. "ಹಂಗಾದ್ರೆ ಸರಿ. ಸಾರು ಮಾಡ್ತೀಯೋ, ಹುರೀತೀಯೋ?"

"ಎರಡೂ ಇಲ್ಲ. ಹಿಡಿದು ವಾಪಸ್ ಬಿಡೋದು."

ಆ ಕಡೆಯಿಂದ ಮಾತೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ತಿನ್ನೋಕಲ್ಲ ಅಂದಮೇಲೆ ಹಿಡಿಯೋದು ಎಂತಕ್ಕೆ?"

ನಮ್ಮದು ಹೊಸನಗರದ ಕಡೆ. ಮಳೆಗಾಲದ ಮೊದಲ ನೀರು ಗದ್ದೆಗೆ ನುಗ್ಗಿದಾಗ ಹತ್ತುಮೀನಿಗಾಗಿ ಬಿದಿರಿನ ಕೂಣಿ ಹಿಡಿದು ಹೊರಡುವ ಊರು. ಅಪ್ಪಯ್ಯ ಅಣ್ಣನನ್ನು ಕರೆದುಕೊಂಡು ಹೋಗುತ್ತಿದ್ದರು. ನನ್ನ ಪಾಲಿಗೆ ಬರುತ್ತಿದ್ದದ್ದು ಹುರಿದ ಮೀನು ಮಾತ್ರ. ಶೃಂಗೇರಿಗೆ ಹೋದರೆ ಮಾತ್ರ ತುಂಗೆಯ ಮೆಟ್ಟಿಲ ಮೇಲೆ ಕೂತು ದೇವರ ಮೀನಿಗೆ ಮಂಡಕ್ಕಿ ಹಾಕುತ್ತಿದ್ದೆವು. ಶೃಂಗೇರಿಯ ಮೀನನ್ನು ಹಿಡಿಯೋದೇ ಇಲ್ಲ, ಹಳ್ಳದಲ್ಲಿ ಹಿಡಿದ ಮೀನನ್ನು ಬಿಡೋದೇ ಇಲ್ಲ. ನಮ್ಮ ಲೆಕ್ಕ ಇಷ್ಟೇ. ಹಿಡಿದು ಬಿಡುವುದು ಅನ್ನೋ ಮೂರನೇ ಲೆಕ್ಕ ನನಗೆ ಸಿಕ್ಕಿದ್ದು ಟೆಕ್ಸಾಸ್‌ಗೆ ಬಂದ ಮೇಲೆ. ಅದನ್ನು ಕಲಿಯುವಾಗ ಒಂದು ಮೀನನ್ನು ಕೊಂದೆ.

ಮುಳುಗಿದ ಕಾಡಿನ ಮೇಲೊಂದು ಕೆರೆ

ಡಲ್ಲಾಸ್‌ನಿಂದ ಪೂರ್ವಕ್ಕೆ ಸುಮಾರು ಒಂದೂವರೆ ಗಂಟೆಯ ದಾರಿ. ಹೆದ್ದಾರಿ 30ರಲ್ಲಿ ಗ್ರೀನ್‌ವಿಲ್‌ವರೆಗೆ ಹೋಗಿ, ಅಲ್ಲಿಂದ 69ಕ್ಕೆ ತಿರುಗಿದರೆ ಊರುಗಳು ಚಿಕ್ಕದಾಗುತ್ತಾ, ಹುಲ್ಲುಗಾವಲು ಅಗಲವಾಗುತ್ತಾ ಹೋಗುತ್ತದೆ. ಎಮರಿ ದಾಟಿದ ಮೇಲೆ ಪೆಟ್ರೋಲ್ ಬಂಕುಗಳಲ್ಲೂ ಎರೆಹುಳ ಮಾರುವ ಬೋರ್ಡು ಕಾಣುತ್ತದೆ. ಆಗ ಲೇಕ್ ಫೋರ್ಕ್ ಹತ್ತಿರ ಬಂತು ಅಂತ ಅರ್ಥ.

ಹೆಸರು ಲೇಕ್ ಆದರೂ ಇದು ಅಣೆಕಟ್ಟಿನ ಹಿನ್ನೀರು. ಸಬೀನ್ ನದಿಗೆ ಸೇರುವ ಒಂದು ತೊರೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1980ರಲ್ಲಿ ಮುಗಿಯಿತು. ಸುಮಾರು 27 ಸಾವಿರ ಎಕರೆ ನೀರು. ನೀರು ತುಂಬುವಾಗ ಮರಗಳನ್ನು ಪೂರ್ತಿ ಕಡಿಯಲಿಲ್ಲ. ಇವತ್ತಿಗೂ ಸಾವಿರಾರು ಒಣ ಮರಗಳು ಸೊಂಟದ ಮಟ್ಟ, ಕುತ್ತಿಗೆ ಮಟ್ಟ ನೀರಿನಲ್ಲಿ ನಿಂತಿವೆ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಬೊಡ್ಡೆಗಳನ್ನು ನೋಡಿದವರಿಗೆ ಇದು ಹೊಸ ನೋಟವೇನಲ್ಲ.

ಈ ಬೊಡ್ಡೆಗಳ ಸಂದಿಯೇ ದೊಡ್ಡಬಾಯಿಯ ಬ್ಯಾಸ್‌ಗೆ ಮನೆ. ಹಸಿರು ಮೈ, ಪಕ್ಕದಲ್ಲಿ ಕಪ್ಪು ಪಟ್ಟಿ, ಕಣ್ಣಿನಿಂದ ಹಿಂದಕ್ಕೂ ಸೀಳಿದಂತಿರುವ ಬಾಯಿ. ಟೆಕ್ಸಾಸ್‌ನಲ್ಲಿ ಈವರೆಗೆ ದಾಖಲಾದ ಅತಿ ದೊಡ್ಡ ಬ್ಯಾಸ್ ಸಿಕ್ಕಿದ್ದು ಇಲ್ಲೇ, 1992ರ ಜನವರಿಯಲ್ಲಿ. ತೂಕ 18.18 ಪೌಂಡ್, ಅಂದರೆ ಎಂಟು ಕಿಲೋ ಮೇಲೆ.

ಅದಕ್ಕಿಂತ ನನಗೆ ಇಷ್ಟವಾಗುವುದು ಇನ್ನೊಂದು ಮೀನಿನ ಕಥೆ. 1986ರ ನವೆಂಬರ್‌ನಲ್ಲಿ ಮಾರ್ಕ್ ಸ್ಟೀವನ್ಸನ್ ಎಂಬ ಗೈಡ್‌ಗೆ 17.67 ಪೌಂಡಿನ ಮೀನು ಸಿಕ್ಕಿತು. ಅವರು ಅದನ್ನು ಜೀವಂತ ಉಳಿಸಿಕೊಂಡು, ತಳಿ ಅಭಿವೃದ್ಧಿಗೆ ಅಂತ ರಾಜ್ಯದ ಮೀನುಗಾರಿಕೆ ಇಲಾಖೆಗೆ ಕೊಟ್ಟರು. ಮೀನಿಗೆ ಎಥೆಲ್ ಅಂತ ಹೆಸರಿಟ್ಟರು. ದೊಡ್ಡ ಹೆಣ್ಣುಮೀನುಗಳನ್ನು ಹಿಡಿದವರು ಮೊಟ್ಟೆಗಾಗಿ ಇಲಾಖೆಗೆ ಕೊಡುವ ಯೋಜನೆಯ ಮೊದಲ ಮೀನು ಅದೇ. ಎಥೆಲ್ ಆಮೇಲೆ ಮಿಸ್ಸೌರಿಯ ಒಂದು ಅಂಗಡಿಯ ದೊಡ್ಡ ತೊಟ್ಟಿಯಲ್ಲಿ 1994ರವರೆಗೂ ಬದುಕಿತ್ತು. ಗಾಳಕ್ಕೆ ಸಿಕ್ಕ ಮೇಲೆ ಎಂಟು ವರ್ಷ!

ಹಿಡಿದವರು ಹಿಡಿದಷ್ಟನ್ನೂ ಮನೆಗೆ ಒಯ್ಯುತ್ತಿದ್ದ ಕಾಲ ಅಮೆರಿಕದಲ್ಲೂ ಇತ್ತು. ಬ್ಯಾಸ್ ಸ್ಪರ್ಧೆಗಳಲ್ಲಿ ಮೀನನ್ನು ಜೀವಂತ ತೂಗಿ ವಾಪಸ್ ಬಿಡುವ ಪದ್ಧತಿಯನ್ನು ರೇ ಸ್ಕಾಟ್ 1972ರಲ್ಲಿ ಶುರುಮಾಡಿದರು. ಕ್ರಮೇಣ ಅದು ಜನರ ಅಭ್ಯಾಸವೇ ಆಯಿತು. ನಮ್ಮ ಕಾವೇರಿಯಲ್ಲೂ ಇದು ಗೊತ್ತಿಲ್ಲದ ವಿಷಯವಲ್ಲ. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್ ಹಿಡಿದು, ತೂಗಿ, ಬಿಡುವ ಕ್ಯಾಂಪುಗಳು ವರ್ಷಗಟ್ಟಲೆ ನಡೆದವು. ಆಮೇಲೆ ಅಭಯಾರಣ್ಯದೊಳಗೆ ಗಾಳ ಹಾಕುವುದನ್ನೇ ನಿಲ್ಲಿಸಲಾಯಿತು.

ಲೇಕ್ ಫೋರ್ಕ್‌ನಲ್ಲಿ ಬಿಡುವುದು ಬರೀ ಒಳ್ಳೆಯತನ ಅಲ್ಲ, ಕಾನೂನು. 16 ಇಂಚಿನಿಂದ 24 ಇಂಚಿನ ನಡುವಿನ ಬ್ಯಾಸ್ ಸಿಕ್ಕರೆ ಬಿಡಲೇಬೇಕು. ಅದಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳಬಹುದು. ದಿನಕ್ಕೆ ಒಟ್ಟು ಐದು ಮೀನು, ಅದರಲ್ಲಿ 24 ಇಂಚಿಗಿಂತ ದೊಡ್ಡದು ಒಂದೇ ಒಂದು. ಮರಿಗಳು ಬೇಕಾದಷ್ಟಿವೆ, ತಾಯಿಯಾಗುವ ವಯಸ್ಸಿನ ಮೀನುಗಳು ಉಳಿಯಲಿ ಅನ್ನೋದು ಇದರ ಹಿಂದಿನ ಲೆಕ್ಕ.

ಟವೆಲಿನಲ್ಲಿ ಹಿಡಿದ ಮೀನು

ನನ್ನ ಮೊದಲ ಬ್ಯಾಸ್ ಸಿಕ್ಕಿದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ. ಆಫೀಸಿನ ನಾಲ್ಕು ಜನ ಸೇರಿ ಹೋಗಿದ್ದೆವು. ನೀರಿಗೆ ಕೈ ಹಾಕಿದರೆ ಸ್ನಾನಕ್ಕೆ ಕಾಯಿಸಿಟ್ಟ ನೀರಿನಷ್ಟು ಬೆಚ್ಚಗಿತ್ತು. ಮರದ ಕಟ್ಟೆಯ ಮೇಲೆ ಕೂತು ರಬ್ಬರ್ ಹುಳು ಸಿಕ್ಕಿಸಿದ ಗಾಳ ಬಿಟ್ಟಿದ್ದೆ. ಜಗ್ಗಿದಾಗ ಜೀವ ಬಾಯಿಗೆ ಬಂತು! ಮೀನು ಎರಡು ಸಲ ನೀರಿನಿಂದ ಮೇಲೆ ಹಾರಿ ತಲೆ ಒದರಿತು. ಸುಸ್ತಾಗಲಿ ಅಂತ ಆಟ ಆಡಿಸಿ ಆಡಿಸಿ ಕೊನೆಗೆ ಮೇಲೆಳೆದೆ.

ಆಮೇಲೆ ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿಬಿಡುತ್ತೇನೆ. ಕಾದ ಹಲಗೆಯ ಮೇಲೆ ಮೀನು ಪಟಪಟ ಬಡಿದುಕೊಂಡಿತು. ಜಾರುತ್ತೆ ಅಂತ ಟವೆಲಿನಿಂದ ಅದುಮಿ ಹಿಡಿದೆ. ಫೋನ್ ಬ್ಯಾಗಿನಲ್ಲಿತ್ತು, ಹುಡುಕಿದೆವು. ನನ್ನದೊಂದು ಫೋಟೋ, ಗುಂಪಿನದೊಂದು, ನನ್ನ ಕಣ್ಣು ಮುಚ್ಚಿತ್ತು ಅಂತ ಇನ್ನೊಂದು. ಒಂದು ಚಿಕ್ಕ ವಿಡಿಯೋ. ಆಮೇಲೆ "ಹೋಗು ಮಗನೇ, ಬದುಕಿಕೋ" ಅಂತ ಕಟ್ಟೆಯ ಮೇಲಿಂದಲೇ ನೀರಿಗೆ ಎಸೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗಂತೂ ಪುಣ್ಯದ ಕೆಲಸ ಮಾಡಿದಂಥ ಸಂತೋಷ.

ಅರ್ಧ ಗಂಟೆ ಕಳೆದಿರಬೇಕು. ಬೊಡ್ಡೆಗಳ ಹತ್ತಿರ ಬೆಳ್ಳಗೆ ಏನೋ ತೇಲಿತು.

ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜ ಒಬ್ಬರು ಎದ್ದು, ಉದ್ದ ಹಿಡಿಯ ಬಲೆಯಿಂದ ಅದನ್ನು ಎಳೆದುಕೊಂಡರು. ನೀರಿನಲ್ಲೇ ನೆಟ್ಟಗೆ ಹಿಡಿದು ಕೂತರು. ಕಿವಿರು ಆಡಲಿಲ್ಲ. ಬಾಯಿ ಮುಚ್ಚಿ, ಬಾಲ ಒತ್ತಿ ಅಳೆದರು. 17 ಇಂಚು.

"ಹಾಗಾದ್ರೆ ನಾವೇ ತಗೊಂಡು ಹೋಗ್ತೀವಿ" ಅಂದೆ, ವ್ಯರ್ಥ ಆಗಬಾರದಲ್ಲ ಅಂತ.

ಅಜ್ಜ ತಲೆಯಾಡಿಸಿದರು. 17 ಇಂಚು ನಡುವಿನ ಅಳತೆ. ಸತ್ತಿದ್ದರೂ ಒಯ್ಯುವಂತಿಲ್ಲ. ಅವರು ಬೈಯಲಿಲ್ಲ. ಮೀನನ್ನು ಆಮೆಗಳ ಪಾಲಿಗೆ ನೀರಿಗೆ ಬಿಟ್ಟು, ಕೈ ತೊಳೆದುಕೊಂಡು ಹೋಗಿ ಕೂತರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆ ರಾತ್ರಿ ಅಪ್ಪಯ್ಯನಿಗೆ ಹೇಳಿದೆ. "ತಿನ್ನಲೂ ಇಲ್ಲ, ಉಳಿಸಲೂ ಇಲ್ಲ. ಎಂತ ಮಾಡ್ದಂಗಾಯ್ತು?" ಅಂದರು ಅಷ್ಟೇ. ಅವತ್ತು ತೆಗೆದ ಫೋಟೋ ಯಾರಿಗೂ ಕಳಿಸಲಿಲ್ಲ.

ಅಜ್ಜನ ಪಾಠ

ಮುಂದಿನ ತಿಂಗಳು ಒಬ್ಬಳೇ ಹೋದೆ. ಅಜ್ಜ ಅಲ್ಲೇ ಇದ್ದರು. ನಾನು ಎಲ್ಲಿ ತಪ್ಪಿದೆ ಅಂತ ನೇರವಾಗಿ ಕೇಳಿದೆ. ಅವರು ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟರು. ಆ ಶನಿವಾರ, ಅದರ ಮುಂದಿನ ಶನಿವಾರಗಳಲ್ಲಿ ಕಲಿತದ್ದು ಇಷ್ಟು.

ಮೊದಲನೆಯದು ಟವೆಲ್. ಮೀನಿನ ಮೈಮೇಲಿನ ಲೋಳೆ ಕೊಳಕಲ್ಲ, ಅದರ ಕವಚ. ಅದೇ ಸೋಂಕು, ಬೂಸ್ಟು ಮೈಗೆ ಹತ್ತದಂತೆ ಕಾಯುವುದು. ಒಣ ಕೈ, ಟವೆಲ್, ಕಾದ ಹಲಗೆ ಎಲ್ಲವೂ ಅದನ್ನು ಒರೆಸಿ ಹಾಕುತ್ತವೆ. ಅಂಥ ಮೀನು ನಮ್ಮೆದುರು ಈಜಿಕೊಂಡು ಹೋದರೂ ಎಷ್ಟೋ ದಿನದ ಮೇಲೆ ಸಾಯಬಹುದು. ನಾವು ನೋಡುವುದಿಲ್ಲ ಅಷ್ಟೇ. ಅದಕ್ಕೇ ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಬಲೆ ಬಳಸುವುದಾದರೆ ಗಂಟಿಲ್ಲದ ರಬ್ಬರ್ ಬಲೆ.

ಎರಡನೆಯದು ಉಸಿರು. ಕಿವಿರಿನ ಎಳೆಗಳು ನೀರಿನಲ್ಲಿ ಹರಡಿಕೊಂಡಿರುತ್ತವೆ, ಗಾಳಿಗೆ ಬಂದ ಕೂಡಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಜ್ಜನ ಉಪಾಯ ಸರಳ: ಮೀನನ್ನು ಮೇಲೆತ್ತುವಾಗ ನೀನೂ ಉಸಿರು ಬಿಗಿಹಿಡಿ. ನಿನಗೆ ಕಷ್ಟವಾಗುವ ಮೊದಲೇ ಅದು ನೀರಿಗೆ ಹೋಗಬೇಕು. ಮರೆಯಬೇಡಿ, ನಾವು ಸುಮ್ಮನೆ ನಿಂತಿರುತ್ತೇವೆ, ಮೀನು ಆಗತಾನೇ ಜೀವ ಉಳಿಸಿಕೊಳ್ಳಲು ಹೋರಾಡಿ ಬಂದಿರುತ್ತದೆ. ಹಾಗಾಗಿ ಫೋಟೋ ಬೇಕಿದ್ದರೆ ಫೋನ್ ಮೊದಲು ರೆಡಿ ಇರಲಿ. ಅಲ್ಲಿಯವರೆಗೆ ಮೀನು ನೀರಿನಲ್ಲೇ ಇರಲಿ.

ಮೂರನೆಯದು ಬಿಸಿಲು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಜುಲೈ ಮಧ್ಯಾಹ್ನ ನಾನು ಮೀನನ್ನು ಆಟ ಆಡಿಸಿದ್ದು ಅದಕ್ಕೆ ಓಡಿ ಸುಸ್ತಾದವನ ಬಾಯಿ ಮುಚ್ಚಿದ ಹಾಗೆ. ಬೇಸಿಗೆಯಲ್ಲಿ ಬೆಳಗಿನ ಜಾವ ಹೋಗಬೇಕು. ಗಟ್ಟಿ ದಾರ ಬಳಸಿ ಬೇಗ ಎಳೆದುಕೊಳ್ಳಬೇಕು.

ನಾಲ್ಕನೆಯದು ಹಿಡಿಯುವ ರೀತಿ. ಬ್ಯಾಸ್‌ಗೆ ಚೂಪು ಹಲ್ಲಿಲ್ಲ, ಬಾಯೊಳಗೆ ಉಪ್ಪುಕಾಗದದಂಥ ತರಿ ಅಷ್ಟೇ. ಹೆಬ್ಬೆರಳನ್ನು ಬಾಯೊಳಗಿಟ್ಟು ಕೆಳತುಟಿ ಹಿಡಿಯಬಹುದು. ಚಿಕ್ಕ ಮೀನಾದರೆ ಹಾಗೇ ನೇರ ತೂಗಾಡಿಸಿದರೂ ನಡೆದೀತು. ದೊಡ್ಡದಕ್ಕೆ ಇನ್ನೊಂದು ಒದ್ದೆ ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು ಅಡ್ಡಡ್ಡ ಹಿಡಿಯಬೇಕು. ತುಟಿಯೊಂದನ್ನೇ ಹಿಡಿದು ಮೈಯನ್ನು ಓರೆಯಾಗಿ ಎತ್ತಿದರೆ ಪೂರ್ತಿ ಭಾರ ದವಡೆಯ ಮೇಲೆ ಬೀಳುತ್ತದೆ. ದವಡೆ ಕೆಟ್ಟ ಬ್ಯಾಸ್ ಬೇಟೆಯಾಡಲಾರದು.

ಇನ್ನು ಕೊಕ್ಕೆ. ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟರೆ ಸುಲಭವಾಗಿ ಬಿಡಿಸಬಹುದು. ರಬ್ಬರ್ ಹುಳುವನ್ನು ಮೀನು ನುಂಗುವವರೆಗೂ ಕಾಯದೆ, ಕಚ್ಚಿದ್ದು ಗೊತ್ತಾದ ತಕ್ಷಣ ಜಗ್ಗಬೇಕು. ಆದರೂ ಗಂಟಲಲ್ಲಿ ಸಿಕ್ಕಿಕೊಂಡು ಸುಲಭಕ್ಕೆ ಬರದಿದ್ದರೆ ಕಿತ್ತಾಡಬೇಡಿ, ದಾರ ಕತ್ತರಿಸಿ ಬಿಡಿ. ಕಿವಿರು ಹರಿದು ರಕ್ತ ಬಂದರೆ ಉಳಿಯುವುದು ಕಷ್ಟ.

ತುಂಬಾ ಆಳದಿಂದ, ಅಂದರೆ 30 ಅಡಿ, ಅದಕ್ಕೂ ಕೆಳಗಿನಿಂದ ಎಳೆದ ಮೀನಿಗೆ ಇನ್ನೊಂದು ತೊಂದರೆ. ಒಳಗಿನ ಗಾಳಿಚೀಲ ಉಬ್ಬಿ, ಬಿಟ್ಟರೂ ಕೆಳಗಿಳಿಯಲಾಗದೆ ಮೇಲೇ ತೇಲುತ್ತದೆ. ಸೂಜಿ ಚುಚ್ಚಿ ಗಾಳಿ ತೆಗೆಯುವವರಿದ್ದಾರೆ, ಆದರೆ ಅದು ಪಳಗಿದ ಕೈಯ ಕೆಲಸ. ನಮ್ಮಂಥವರು ಅಷ್ಟು ಆಳಕ್ಕೆ ಗಾಳ ಹಾಕದಿರುವುದೇ ಸರಿ.

ಕೊನೆಯದು ಬಿಡುವುದು. ಎಸೆಯೋದಲ್ಲ, ಬಿಡೋದು. ನೀರಿನಲ್ಲಿ ನೆಟ್ಟಗೆ ಹಿಡಿದುಕೊಂಡು ಕಾಯಬೇಕು. ಹಿಂದೆ ಮುಂದೆ ಎಳೆದಾಡಿದರೆ ಉಪಯೋಗವಿಲ್ಲ, ಕಿವಿರಿಗೆ ನೀರು ಬಾಯಿಯ ಕಡೆಯಿಂದ ಬರಬೇಕು. ಅದು ತಾನಾಗಿ ಕೈ ಕೊಸರಿಕೊಂಡು ಹೋದರೆ ನಮ್ಮ ಕೆಲಸ ಮುಗಿಯಿತು.

ಬೈರಾಸ ಬೇಡ ಅಪ್ಪಯ್ಯ

ಮುಂದಿನ ವರ್ಷ ಅಪ್ಪಯ್ಯ, ಅಮ್ಮ ಬಂದರು. ಏಪ್ರಿಲ್ ಮೊದಲ ವಾರ. ರಸ್ತೆ ಬದಿಯಲ್ಲೆಲ್ಲ ನೀಲಿ ಬ್ಲೂಬಾನೆಟ್ ಹೂವು. ಅಪ್ಪಯ್ಯನಿಗೆ ಒಂದು ದಿನದ ಲೈಸೆನ್ಸ್ ಮಾಡಿಸಿದೆ. "ಮೀನು ಹಿಡಿಯೋಕೂ ಲೈಸೆನ್ಸಾ?" ಅಂತ ನಕ್ಕರು. ಜಾಕೆಟ್ಟಿನ ಮೇಲೆ ಬೈರಾಸ ಹಾಕಿಕೊಂಡೇ ಅಜ್ಜನ ದೋಣಿ ಹತ್ತಿದರು. ನೀರಿನಲ್ಲಿ ನಿಂತ ಒಣ ಮರಗಳನ್ನು ನೋಡಿ ತುಂಬ ಹೊತ್ತು ಸುಮ್ಮನಿದ್ದು, "ಇಲ್ಲೂ ಯಾರದೋ ಗದ್ದೆ ಇದ್ದಿರಬೇಕು" ಅಂದರು.

ಅಜ್ಜ ದಡದ ಹತ್ತಿರ, ಮೊಣಕಾಲು ಮಟ್ಟದ ನೀರಿನಲ್ಲಿ ಒಂದು ಜಾಗ ತೋರಿಸಿದರು. ತಳದಲ್ಲಿ ತಟ್ಟೆಯಷ್ಟಗಲ ಗುಡಿಸಿದ ಹಾಗೆ ತಿಳಿ ಬಣ್ಣ. ಅದರ ಮೇಲೆ ಒಂದು ಬ್ಯಾಸ್ ಅಲ್ಲೇ ಸುತ್ತುತ್ತಿತ್ತು. ಅದು ಗಂಡು. ಮೊಟ್ಟೆ ಇಟ್ಟ ಮೇಲೆ ಹೆಣ್ಣು ಹೊರಟುಹೋಗುತ್ತದೆ, ಮೊಟ್ಟೆ, ಮರಿ ಕಾಯುವುದು ಗಂಡು. ಸ್ವಲ್ಪ ದೂರದಲ್ಲಿ ಬ್ಲೂಗಿಲ್ ಎಂಬ ಅಂಗೈಯಗಲದ ಮೀನುಗಳು ಹೊಂಚು ಹಾಕಿದ್ದವು. ಈ ಗಂಡನ್ನು ಎತ್ತಿದರೆ ಸಾಕು, ನಾಲ್ಕೈದು ನಿಮಿಷದಲ್ಲಿ ಅವು ಮೊಟ್ಟೆಗೆ ಬೀಳುತ್ತವೆ. ಅಂಥದ್ದು ಗೊತ್ತಿಲ್ಲದೆ ಗಾಳಕ್ಕೆ ಸಿಕ್ಕರೆ ಅಲ್ಲೇ, ಆ ಕ್ಷಣವೇ ಬಿಡಬೇಕು ಅಂದರು ಅಜ್ಜ. ಫೋಟೋ ಇಲ್ಲ, ಅಳತೆ ಇಲ್ಲ.

ನಾನು ಕನ್ನಡಕ್ಕೆ ಹೇಳುವ ಮೊದಲೇ ಅಪ್ಪಯ್ಯನಿಗೆ ಅರ್ಥವಾಗಿತ್ತು. "ನಮ್ಮ ಕೊರವನ ಥರ" ಅಂದರು. ಕೆಂಪು ಮರಿಗಳ ಗುಂಪಿನ ಕೆಳಗೇ ಕೊರವ ಮೀನು ಕಾವಲಿರುತ್ತದೆ, ನಮ್ಮ ಕಡೆ ಎಲ್ಲರೂ ನೋಡಿರುತ್ತಾರೆ. ಮರಿ ಕಂಡಲ್ಲಿ ದೊಡ್ಡದು ಖಂಡಿತ ಸಿಗುತ್ತೆ ಅಂತಲೇ ಅಲ್ಲಿಗೆ ಗಾಳ ಹಾಕುವವರೂ ಇದ್ದಾರೆ. ಅಪ್ಪಯ್ಯ ಆ ಮಾತು ಮುಂದುವರಿಸಲಿಲ್ಲ. ಅಜ್ಜ ದೋಣಿಯನ್ನು ಸದ್ದಿಲ್ಲದೆ ಹಿಂದೆ ತೆಗೆದರು.

ಹತ್ತು ಗಂಟೆಯ ಹೊತ್ತಿಗೆ ಬೊಡ್ಡೆಗಳ ನಡುವೆ ಅಪ್ಪಯ್ಯನ ಗಾಳ ಬಾಗಿತು. ಎಪ್ಪತ್ತರ ಹತ್ತಿರದ ಮನುಷ್ಯ ಹುಡುಗನ ಹಾಗೆ ಎದ್ದು ನಿಂತರು. ಆಟ ಆಡಿಸಲಿಲ್ಲ, ಸೀದಾ ಎಳೆದರು. ಅಜ್ಜ ಬಲೆ ಒಡ್ಡಿದರು. ದೊಡ್ಡ ಹೆಣ್ಣುಮೀನು.

ಅಪ್ಪಯ್ಯನ ಕೈ ತಾನಾಗಿ ಹೆಗಲ ಮೇಲಿನ ಬೈರಾಸಕ್ಕೆ ಹೋಯಿತು.

ಆ ಕ್ಷಣ ನನಗೆ ಹೊಳೆದದ್ದು ಅಜ್ಜ ಹೇಳಿದ ಯಾವ ಪಾಠಕ್ಕಿಂತಲೂ ದೊಡ್ಡದು. ಜುಲೈನಲ್ಲಿ ನಾನು ಟವೆಲ್ ತಗೊಂಡಿದ್ದು ಯಾರೋ ಹೇಳಿಕೊಟ್ಟು ಅಲ್ಲ. ಚಿಕ್ಕವಳಿದ್ದಾಗ ಹಿತ್ತಲ ಕಲ್ಲಿನ ಹತ್ತಿರ ಅಪ್ಪಯ್ಯ ಬೈರಾಸದಲ್ಲಿ ಮೀನು ಅದುಮಿ ಹಿಡಿಯುವುದನ್ನು ನೋಡಿ ನೋಡಿ ನನ್ನ ಕೈ ಅದನ್ನು ಕಲಿತಿತ್ತು. ಅದು ತಪ್ಪೇನಲ್ಲ. ತಿನ್ನುವ ಮೀನನ್ನು ಹಾಗೇ ಹಿಡಿಯೋದು. ಬಿಡುವ ಮೀನಿಗೆ ಬೇರೆ ಕೈ ಬೇಕು. ನಾನು ತಿನ್ನುವ ಕೈಯಿಂದ ಹಿಡಿದು, ಬಿಟ್ಟೆ ಅಂದುಕೊಂಡಿದ್ದೆ.

"ಬೈರಾಸ ಬೇಡ ಅಪ್ಪಯ್ಯ. ಕೈ ಒದ್ದೆ ಮಾಡ್ಕೊಳ್ಳಿ."

ಒಂದು ಕ್ಷಣ ನನ್ನನ್ನು ನೋಡಿದರು. ಮೀನಿನ ವಿಷಯದಲ್ಲಿ ನಾನು ಅವರಿಗೆ ಹೇಳಿಕೊಟ್ಟದ್ದು ಅದೇ ಮೊದಲು. ಆಮೇಲೆ ಎರಡೂ ಕೈ ನೀರಿಗೆ ಅದ್ದಿದರು. ಬಲೆ ನೀರಿನಲ್ಲಿದ್ದ ಹಾಗೇ ಅಜ್ಜ ಇಕ್ಕಳದಿಂದ ಕೊಕ್ಕೆ ಬಿಡಿಸಿದರು. ಅಳತೆಪಟ್ಟಿಗೂ ನೀರು ಸುರಿದು ಮೀನನ್ನು ಇಟ್ಟರು. 21 ಇಂಚು. ಬಿಡಲೇಬೇಕು.

"ಇಷ್ಟು ದೊಡ್ಡದನ್ನಾ!" ಅಂದ ಅಪ್ಪಯ್ಯನ ಮುಖದಲ್ಲಿ ನಿಜವಾದ ಸಂಕಟ. ಆದರೂ ಒಂದು ಕೈಯಲ್ಲಿ ತುಟಿ, ಇನ್ನೊಂದು ಕೈ ಹೊಟ್ಟೆಯ ಕೆಳಗೆ. ಎಳೆಗೂಸನ್ನು ಎತ್ತಿದ ಹಾಗೆ ಎತ್ತಿ, ನಾನು ಫೋನ್ ಹಿಡಿದು ಒಂದೇ ಒಂದು ಫೋಟೋ ತೆಗೆಯುವಷ್ಟರಲ್ಲಿ ಬಗ್ಗಿ ನೀರಿಗಿಳಿಸಿಬಿಟ್ಟರು. ಹಾಗೇ ಹಿಡಿದು ಕೂತರು. ಕಿವಿರು ಒಂದು ಸಲ ತೆರೆಯಿತು, ಮುಚ್ಚಿತು. ಮತ್ತೊಮ್ಮೆ. ಯಾರೂ ಮಾತಾಡಲಿಲ್ಲ. ಆಮೇಲೆ ಬಾಲ ಪಟ್ಟನೆ ಬಡಿದು, ನಮ್ಮ ಮುಖಕ್ಕೆಲ್ಲ ನೀರು ಹಾರಿಸಿ ಮೀನು ಬೊಡ್ಡೆಯ ಕೆಳಗೆ ಮಾಯವಾಯಿತು. ಬೈರಾಸ ಮುಖ ಒರೆಸಲು ಉಪಯೋಗಕ್ಕೆ ಬಂತು.

ಅವತ್ತು 14 ಇಂಚಿನವು ಎರಡು ಸಿಕ್ಕಿದವು. ಅವನ್ನು ಇಟ್ಟುಕೊಂಡೆವು. ಚಿಕ್ಕದನ್ನು ತಿಂದರೆ ಕೆರೆಗೂ ಒಳ್ಳೆಯದೇ ಅಂತ ಅಜ್ಜನೇ ಒತ್ತಾಯ ಮಾಡಿದರು. ಅಮ್ಮ ಖಾರ ಹಚ್ಚಿ ರವೆಯಲ್ಲಿ ಹೊರಳಿಸಿ ಹುರಿದರು. ಮನೆಯ ಹೊಗೆ ಅಲಾರಂ ಕೂಗಿದ್ದು ಬೇರೆ ಕಥೆ.

'ತಿನ್ನೋಕಲ್ಲ ಅಂದಮೇಲೆ ಹಿಡಿಯೋದು ಎಂತಕ್ಕೆ' ಅನ್ನೋ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಅದು ನಮ್ಮ ಖುಷಿಗೆ, ಮೀನಿನ ಖುಷಿಗಂತೂ ಅಲ್ಲ. ನಮ್ಮ ಖುಷಿಗೆ ಅದರ ಹತ್ತು ನಿಮಿಷ ತಗೊಂಡಿದ್ದೇವೆ ಅಂದಮೇಲೆ, ಜೀವವನ್ನಾದರೂ ಸರಿಯಾಗಿ ವಾಪಸ್ ಕೊಡಬೇಕು. ಅಷ್ಟು ಮಾತ್ರ ಗೊತ್ತಾಗಿದೆ. ಈಗ ಜುಲೈ ಮಧ್ಯಾಹ್ನ ಯಾರು ಕರೆದರೂ ಹೋಗುವುದಿಲ್ಲ.

ಮೊನ್ನೆ ಊರಿಗೆ ಫೋನ್ ಮಾಡಿದ್ದೆ. ಅಲ್ಲಿ ಮಳೆ ಹಿಡಿದಿದೆ. ಗದ್ದೆಯ ಕಾಲುವೆಯಲ್ಲಿ ಮರಿ ಇಟ್ಟುಕೊಂಡ ಕೊರವ ಕಂಡಿತಂತೆ. "ಅಲ್ಲಿಟ್ಟಿದ್ದ ಕೂಣಿ ತೆಗೆದು ಆಚೆ ಇಟ್ಟೆ" ಅಂದರು ಅಪ್ಪಯ್ಯ.

"ಹಾಗಾದ್ರೆ ಈ ವರ್ಷ ಮೀನೇ ಇಲ್ವಾ?"

"ಯಾರು ಹೇಳಿದ್ದು? ಆಚೆ ಕಾಲುವೆಯಲ್ಲಿ ಅರ್ಧ ಬುಟ್ಟಿ ಹತ್ತುಮೀನು ಬಿದ್ದಿದೆ. ನಿನ್ನಮ್ಮ ಸಾರಿಗೆ ಇಟ್ಟಿದಾಳೆ. ಫೋನ್ ಇಡು."